ಅಮ್ಮನಿಗೆ ಧೈರ್ಯ ಹೇಳಬೇಕು, ನಮ್ಮ ಕಡೆ ಕೀಮೋ ಮುಗಿಸಿದವರು ಇದ್ದೀರಾ?

ತೀರ್ಥಹಳ್ಳಿ ಮಗಳು:
ಅಮ್ಮನಿಗೆ 54 ವರ್ಷ, ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಎರಡು ಕೀಮೋ ಮುಗಿದಿದೆ, ಇನ್ನೂ ಆರು ಬಾಕಿ. ಮೊನ್ನೆ ತಲೆ ಬಾಚುವಾಗ ಕೈತುಂಬ ಕೂದಲು ಬಂತು. ಅದನ್ನು ಉಂಡೆ ಕಟ್ಟಿ ಕಿಟಕಿಯಲ್ಲಿಟ್ಟು ಸುಮ್ನೆ ಕೂತರು. ಆವತ್ತಿನಿಂದ ಮಾತೇ ಕಡಿಮೆ. ಯುವರಾಜ್ ಸಿಂಗ್ 2012ರಲ್ಲಿ ಅಮೆರಿಕದಲ್ಲಿ ಕೀಮೋ ಮುಗಿಸಿ ಅದೇ ವರ್ಷ ಮತ್ತೆ ಭಾರತಕ್ಕೆ ಆಡಿದ್ದು ಹೇಳಿದೆ. ನಮ್ಮ ಶಿವಣ್ಣ 2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಆಪರೇಷನ್ ಮಾಡಿಸಿಕೊಂಡು ವಾಪಸ್ ಬಂದದ್ದೂ ಹೇಳಿದೆ. ಅಮ್ಮನದ್ದು ಒಂದೇ ಮಾತು: "ಅವರೆಲ್ಲ ಅಮೆರಿಕಕ್ಕೆ ಹೋದವರು ಮಾರಾಯ್ತಿ, ನನಗೆ ಕೊಟ್ಟಿಗೆವರೆಗೆ ಹೋಗಲಿಕ್ಕೂ ಆಗ್ತಿಲ್ಲ." ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನೀವು ಬರೆದದ್ದನ್ನು ಅವರಿಗೆ ಓದಿ ಹೇಳುತ್ತೇನೆ.

ಸಾಗರದಕ್ಕ:
ಇದ್ದೇನೆ ತಂಗಿ. ನಂದೂ ಅದೇ, 2017ರಲ್ಲಿ. ಎಂಟು ಕೀಮೋ, ರೇಡಿಯೇಷನ್, ಆಮೇಲೆ ಐದು ವರ್ಷ ದಿನಾ ಒಂದು ಮಾತ್ರೆ. ಮೊದಲ ನಾಲ್ಕರಲ್ಲಿ ಆ ಕೆಂಪು ಔಷಧಿ ಕಂಡರೇ ಹೊಟ್ಟೆ ತೊಳಸುತ್ತಿತ್ತು, ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಂಗಳಕ್ಕೆ ಓಡುತ್ತಿದ್ದೆ. ಐದನೆಯದರಿಂದ ಔಷಧಿ ಬದಲಾಯಿತು. ವಾಂತಿ ಕಡಿಮೆ, ಕೈಕಾಲು ಜೋಮು ಜಾಸ್ತಿ. ಕೂದಲು ಕೊನೆಯ ಕೀಮೋ ಆಗಿ ಎರಡು ಮೂರು ತಿಂಗಳಿಗೆ ಬಂತು, ಅದೂ ಗುಂಗುರಾಗಿ! ಮೊದಲು ನೆಟ್ಟಗಿತ್ತು. ಕಳೆದ ಕೊಯ್ಲಿನಲ್ಲಿ ಅಡಿಕೆ ಸುಲಿಯಲು ನಾನೂ ಮೆಟ್ಟುಗತ್ತಿ ಹಿಡಿದು ಕೂತಿದ್ದೆ. (ಜಗಿಯುವುದು ಮಾತ್ರ ಬಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ನಮ್ಮೂರಲ್ಲಿ ಹೇಳಿದರೆ ಜಗಳ ಆಗುತ್ತದೆ, ಇರಲಿ.)

ಹೊಸನಗರ ಮಳೆ:
ನಾನು ನೋಡಿಕೊಂಡವನು, ಹೆಂಡತಿಯನ್ನು. ಧೈರ್ಯ ಆಮೇಲೆ, ಮೊದಲು ಮನೆಯಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೀಮೋ ಆಗಿ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ, ಆಗ 100.4 ಜ್ವರ ಬಂದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆ. ನಾನು ಕಾದೆ. ಜುಲೈ ಮಳೆ, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಬೆಳಿಗ್ಗೆ ಜೀಪು ಮಾಡಿಕೊಂಡು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ. ಆರು ದಿನ ಐಸಿಯು. ಈಗ ಹಪ್ಪಳಕ್ಕೆ ಹಲಸಿನಕಾಯಿ ಕೊಯ್ಸಿಲ್ಲ ಅಂತ ನನ್ನ ಮೇಲೆ ರೇಗುತ್ತಿದ್ದಾಳೆ.

ಬೆಂಗಳೂರಿಗೆ ಕಿದ್ವಾಯಿಗೆ ಹೋಗುವುದಿದ್ದರೆ ರೈಲು ಒಳ್ಳೆಯದು. ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಂಡರೆ ಸ್ಲೀಪರ್‌ನಲ್ಲಿ ರೋಗಿಗೆ ದುಡ್ಡಿಲ್ಲ, ಜೊತೆಯವರಿಗೆ 75% ಬಿಡುತ್ತಾರೆ. ಮತ್ತೆ ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ನಾನು ಎಂಟು ಕೆಜಿ ಇಳಿದಿದ್ದೆ.

ಕೊಪ್ಪದವ:
ಸ್ವಲ್ಪ ಬೇರೆ ಮಾತು. ನಮ್ಮಪ್ಪ ಉಳಿಯಲಿಲ್ಲ. ನಾವೆಲ್ಲ ಕೊನೆವರೆಗೂ "ಏನೂ ಆಗಲ್ಲ" ಅನ್ನುತ್ತಲೇ ಇದ್ದೆವು. ಹೆದರಿಕೆ ಆಗ್ತಿದೆ ಅಂತ ಅವರು ಹೇಳಿಕೊಂಡದ್ದು ಹಾಲು ತರುವ ಹುಡುಗನ ಹತ್ತಿರ. ಅಮ್ಮ ಸುಮ್ನೆ ಕೂತರೆ ನೀವೂ ಪಕ್ಕದಲ್ಲಿ ಸುಮ್ನೆ ಕೂರಿ. ಯುವರಾಜ್ ಸಿಂಗ್ ಆಮೇಲೆ ಬರಲಿ.

ತೀರ್ಥಹಳ್ಳಿ ಮಗಳು:
ಎಲ್ಲ ಓದಿ ಹೇಳಿದೆ, ಕೊಪ್ಪದವರದ್ದೊಂದು ಬಿಟ್ಟು. ಅದು ನನಗೆ. ಜ್ವರದ ವಿಷಯ ಫೈಲಿನಲ್ಲೇ ಬರೆದಿತ್ತು, ನಾನು ನೋಡಿರಲಿಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಆ ಸಾಗರದವರ ಕೂದಲು ಗುಂಗುರಾಗೇ ಉಳಿಯಿತಂತಾ, ಮತ್ತೆ ನೆಟ್ಟಗಾಯಿತಂತಾ?" ಅಕ್ಕಾ, ಹೇಳ್ತೀರಾ?