ಹೊಳೆ ದಾಟಿಸಿದ ಮೇಲೆ ಜೀಪಿನಡಿ ಎರಡು ಬಗೆಯ ಸದ್ದು

ಪ್ರಶ್ನೆ:
ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಅಡಿಯಿಂದ ಒಂದೇ ಒಂದು ‘ಟಕ್’. ಐವತ್ತರ ವೇಗದಲ್ಲಿ ಹಿಂದಿನಿಂದ ಗುಂಯ್ ಎನ್ನುವ ಸದ್ದು. ಕಾಲು ತೆಗೆದರೆ ಮಾಯ. ಗೇರ್ ಬಾಕ್ಸ್ ಬಿಚ್ಚಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ನನಗೇಕೋ ನಂಬಿಕೆ ಬರುತ್ತಿಲ್ಲ.

ಉತ್ತರ:
ಸದ್ಯಕ್ಕೆ ಗೇರ್ ಬಾಕ್ಸಿಗೆ ಕೈ ಹಚ್ಚಬೇಡಿ. ಅದೇ ವೇಗದಲ್ಲಿ ಬೇರೆ ಗೇರಿಗೆ ಹಾಕಿ ನೋಡಿ. ಗುಂಯ್ ಬದಲಾಗದಿದ್ದರೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳ ಗುಂಪು) ಮೇಲೆಯೇ ನನ್ನ ಅನುಮಾನ. ‘ಟಕ್’ ಬೇರೆ ಕಥೆ. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು ಕೆಳಗೆ ತೂರಿ. ಪ್ರೊಪೆಲ್ಲರ್ ಶಾಫ್ಟನ್ನು (ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡ) ಕೈಯಿಂದ ತಿರುಚುತ್ತಾ ಅದರ ತುದಿಯ ಯೂನಿವರ್ಸಲ್ ಜಾಯಿಂಟ್ (ಬಾಗುತ್ತಲೇ ತಿರುಗುವ ಕೀಲು) ಗಮನಿಸಿ. ಅದರ ಟೋಪಿಯ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ ಎಂದೇ ಅರ್ಥ.

ಇನ್ನೊಂದು ಉತ್ತರ:
ತಿರುವಿನಲ್ಲಿ ಸದ್ದು ಏರಿಳಿದರೆ ಚಕ್ರದ ಬೇರಿಂಗನ್ನೂ ನೋಡಿ. ಡಿಫರೆನ್ಷಿಯಲ್ ಎಣ್ಣೆಯನ್ನಂತೂ ಇಳಿಸಲೇಬೇಕು. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಹೋಗುತ್ತಿದೆ.

ಪ್ರಶ್ನೆ ಕೇಳಿದವನು:
ಕುಂಕುಮ ಸಿಕ್ಕಿತು, ಹಿಂದಿನ ಜಾಯಿಂಟಿನಲ್ಲಿ. ಎಣ್ಣೆಯೋ, ಹಾಲು ಬೆರೆಸಿದ ಕಾಫಿಯಂತಿತ್ತು!

ಮೊದಲು ಉತ್ತರಿಸಿದವನು:
ನೀರು ಸೇರಿದೆ. ಬ್ರೀದರ್ (ಒಳಗಿನ ಗಾಳಿ ಆಡಲು ಇರುವ ಕಿಂಡಿ) ಕಟ್ಟಿಕೊಂಡಿರಬೇಕು, ಡಿಫರೆನ್ಷಿಯಲ್ ಇರುವ ಆಕ್ಸಲ್ ಬಿಸಿಯಾಗಿದ್ದು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಬ್ರೀದರ್ ಕೊಳವೆಯನ್ನು ಎತ್ತರಕ್ಕೆ ಒಯ್ದು ಕಟ್ಟಿ. ಹೊಸ ಎಣ್ಣೆ ಹಾಕುವ ಮುನ್ನ ಪಿನಿಯನ್ (ಶಾಫ್ಟಿನ ತಿರುವನ್ನು ಡಿಫರೆನ್ಷಿಯಲ್‌ಗೆ ಕೊಡುವ ಚಿಕ್ಕ ಗೇರು) ಬೇರಿಂಗ್ ಪರೀಕ್ಷಿಸಿ.