ಸಹಾಯ ಬೇಕು: ಹಸು ನನಗೆ ಸೊರ ಬಿಡ್ತಿಲ್ಲ (ಕೆಚ್ಚಲಿಗೆ ಹಾಲು ಇಳಿಸ್ತಿಲ್ಲ)

ತಿಪಟೂರು ಹತ್ತಿರ ನಮ್ಮದು ಎರಡೆಕರೆ. ಒಂದಷ್ಟು ತೆಂಗು, ಉಳಿದದ್ದು ರಾಗಿ, ಎರಡು ಎಚ್‌ಎಫ್ ತಳಿಯ ಸೀಮೆಹಸು. ಇಲ್ಲೇ ಗಾರ್ಮೆಂಟ್ಸಿನಲ್ಲಿದ್ದ ಯಜಮಾನರು ಹೋದ ತಿಂಗಳು ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ರು. ಮನೆಗೆ ಬರೋದು ಭಾನುವಾರ ಮಾತ್ರ.

ಹಾಲು ಕರೀತಿದ್ದವರು ಅವರೇ. ಏಳರೊಳಗೆ ಡೇರಿಗೆ ಹಾಕಬೇಕು, ಅದೇ ಹೊತ್ತಿಗೆ ಮಗಳ ಸ್ಕೂಲ್ ಬಸ್. ಅತ್ತೆಗೆ ಮಂಡಿನೋವು. ದೊಡ್ಡ ಹಸುವಂತೂ ನನ್ನ ಕೈ ಸೋಕಿದ್ರೆ ಒದೆಯುತ್ತೆ. ಅವರು ವಿಡಿಯೋ ಕಾಲಲ್ಲಿ ಮಾತಾಡಿಸಿದ್ರೂ ಕೇಳಲಿಲ್ಲ! ಅದೀಗ ಆರೂವರೆ ತಿಂಗಳ ಗಬ್ಬ. ಹೇಗೂ ಕರು ಹಾಕೋಕೆ ಎರಡು ತಿಂಗಳ ಮುಂಚೆ ಕರೆಯೋದು ನಿಲ್ಲಿಸಬೇಕಲ್ಲ, ಈಗಲೇ ಬತ್ತಿಸಿದ್ರೆ ತೊಂದರೆಯಾ?

ಚಿಕ್ಕದಕ್ಕೆ ಒಂದು ಬಕೆಟ್ಟಿನ ಹಾಲು ಕರೆಯೋ ಮಿಷನ್ ತಗೊಳ್ಳೋ ಯೋಚನೆ. ಬಳಸ್ತಿರೋರು, ಕರೆಂಟ್ ಹೋದಾಗ ಏನ್ ಮಾಡ್ತೀರಾ? "ಮಾರಿಬಿಡಿ" ಅಂತ ಮಾತ್ರ ಹೇಳಬೇಡಿ, ಪೀಣ್ಯದ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ.