ಅಮ್ಮನ ಮಲ್ಲಿಗೆಗೆ ಗಂಟೆಗೆ 35 ರೂಪಾಯಿ: ನನ್ನ ಲೆಕ್ಕ ಎಲ್ಲಿ ತಪ್ಪಿತು?

ಹೂವಿನಮನೆ ಮಗಳು (ಪ್ರಶ್ನೆ)

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದಿಂದ ಸ್ವಲ್ಪ ಒಳಗೆ. ಅಂಗಳದ ಬದಿಯಲ್ಲಿ 42 ಮಲ್ಲಿಗೆ ಗಿಡ ಉಂಟು. ಅಮ್ಮನಿಗೆ ಈಗ 61 ವರ್ಷ. ಬೆಳಿಗ್ಗೆ ಐದೂಕಾಲಕ್ಕೆ ಟಾರ್ಚ್ ಹಿಡಿದು ಮೊಗ್ಗು ಕೊಯ್ಯಲು ಇಳಿಯುತ್ತಾರೆ. ಆಮೇಲೆ ಚಾವಡಿಯಲ್ಲಿ ಕೂತು ಕಟ್ಟಲು ಶುರು. ಬಾಳೆನಾರನ್ನು ಹಿಂದಿನ ರಾತ್ರಿಯೇ ಒದ್ದೆ ಮಾಡಿ, ತೆಳ್ಳಗೆ ಸೀಳಿ ಇಟ್ಟಿರುತ್ತಾರೆ. ಹತ್ತೂವರೆಗೆ ಏಜೆಂಟರ ಹುಡುಗ ಬೈಕಿನಲ್ಲಿ ಬರುತ್ತಾನೆ. ಅಷ್ಟರೊಳಗೆ ಮುಗಿಯಬೇಕು.

ಬೇರೆ ಊರಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ನಮ್ಮಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಎಷ್ಟು ಎಂದು ಶಂಕರಪುರದ ಹೂವಿನ ಕಟ್ಟೆಯಲ್ಲಿ ದಿನಾ ತೀರ್ಮಾನ ಆಗುತ್ತದೆ.

ಕಳೆದ ವಾರ ಒಂದು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಅಮ್ಮ ಕಟ್ಟಿದ್ದು ಎರಡೂವರೆ ಚೆಂಡು. ಅಂದಿನ ರೇಟು ಅಟ್ಟೆಗೆ 280. ಅಂದರೆ 175 ರೂಪಾಯಿ. ಚಾ, ತಿಂಡಿಯ ಹೊತ್ತು ಬಿಟ್ಟರೂ ಐದು ಗಂಟೆ ಕೆಲಸ. ಗಂಟೆಗೆ 35! ಅದರಲ್ಲೂ ಕಮಿಷನ್ ಕಳೆಯಬೇಕು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸರಿಗೆ ನಾವು ದಿನಕ್ಕೆ 500 ಕೊಡುತ್ತೇವೆ.

ಅಮ್ಮನ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ. ನಾರು ಎಳೆದು ಎಳೆದು ತೋರುಬೆರಳಿನಲ್ಲಿ ಗೆರೆಯೇ ಬಿದ್ದಿದೆ. ನನಗೆ ತಡೆಯಲಾಗಲಿಲ್ಲ. "ದಿನಕ್ಕೆ 200 ರೂಪಾಯಿ ನಾನೇ ಕೊಡುತ್ತೇನೆ, ಇದನ್ನು ಬಿಡಿ ಅಮ್ಮ" ಎಂದೆ. ಅಮ್ಮ ಏನೂ ಹೇಳಲಿಲ್ಲ. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತೂ ಆಡಲಿಲ್ಲ.

ನಾನು ಓದಿದ್ದು ಬಿಕಾಂ, ಕೆಲಸ ಬ್ಯಾಂಕಿನಲ್ಲಿ. 175ಕ್ಕಿಂತ 200 ಜಾಸ್ತಿ, ಮೇಲಿಂದ ಕೈನೋವೂ ಇಲ್ಲ. ಅಮ್ಮ ಯಾಕೆ ಒಪ್ಪುವುದಿಲ್ಲ? ಸುಮ್ನೆ ಹಠ ಅಂತ ನನಗೆ ಅನಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ. ತಿಳಿದವರು ಹೇಳಿ.

ಕದ್ರಿ ಮಾಸ್ಟ್ರು

ತಂಗಿ, ಪಿಯುಸಿ ಮಕ್ಕಳಿಗೆ 31 ವರ್ಷ ಅರ್ಥಶಾಸ್ತ್ರ ಕಲಿಸಿದವನು ನಾನು. ನಿಮ್ಮ ಗುಣಾಕಾರ ಸರಿ ಇದೆ. ಹೋಲಿಸಿದ್ದು ಮಾತ್ರ ತಪ್ಪು.

ತೋಟದ ಕೂಲಿ 500 ಎಂದಿರಿ. ಆ ಕೆಲಸಕ್ಕೆ ನಿಮ್ಮ ಅಮ್ಮ ಹೋಗುತ್ತಾರಾ? ಇಲ್ಲ ಅಲ್ವಾ. ಒಂದು ಗಂಟೆಯ ಬೆಲೆ ಎಂದರೆ ಆ ಗಂಟೆಯಲ್ಲಿ ಆ ಮನುಷ್ಯ ನಿಜವಾಗಿ ಬೇರೆ ಏನು ಮಾಡಬಹುದಿತ್ತೋ ಅದರ ಬೆಲೆ. ಪುಸ್ತಕದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. 61 ವರ್ಷದವರಿಗೆ ತಮ್ಮದೇ ಚಾವಡಿಯಲ್ಲಿ ಕೂತು, ನಡುವೆ ಎದ್ದು ಗಂಜಿಗೆ ಅಕ್ಕಿ ಹಾಕಿ, ಮತ್ತೆ ಬಂದು ಕೂರುವಂಥ ಇನ್ನೊಂದು ಕೆಲಸ ನಿಮ್ಮ ಊರಿನಲ್ಲಿ ಯಾರು ಕೊಡುತ್ತಾರೆ? ಆ ಲೆಕ್ಕದಲ್ಲಿ 35 ಕಡಿಮೆ ಏನಲ್ಲ.

ನೂರು ವರ್ಷದ ಹಿಂದೆ ರಷ್ಯಾದಲ್ಲಿ ಅಲೆಕ್ಸಾಂಡರ್ ಚಯಾನೋವ್ ಎಂಬ ಅರ್ಥಶಾಸ್ತ್ರಜ್ಞ ರೈತ ಕುಟುಂಬಗಳ ಮೇಲೆ ಇದೇ ಪ್ರಶ್ನೆ ಇಟ್ಟುಕೊಂಡು ಕೆಲಸ ಮಾಡಿದರು. ಮನೆಯವರೇ ದುಡಿಯುವ ಬೇಸಾಯದಲ್ಲಿ ಕೂಲಿ ಎಂಬ ಲೆಕ್ಕವೇ ಇಲ್ಲ. ಇನ್ನೂ ಸ್ವಲ್ಪ ಆದಾಯ ಬೇಕು ಎಂಬ ಅಗತ್ಯ ಒಂದು ಕಡೆ, ಮೈಕೈ ನೋವು ಇನ್ನೊಂದು ಕಡೆ. ಇವೆರಡೂ ಸಮ ಆಗುವವರೆಗೆ ಮನೆಯವರು ದುಡಿಯುತ್ತಾರೆ ಎಂದರು. ಹಾಗಾಗಿ ನಾನಾದರೆ ರೇಟಿನ ಚಿಂತೆ ಬಿಟ್ಟು ಹೆಬ್ಬೆರಳನ್ನು ನೋಡುತ್ತಿದ್ದೆ. ಸಮತೋಲ ತಪ್ಪುತ್ತಿದ್ದರೆ ಅಲ್ಲಿ ತಪ್ಪುತ್ತಿದೆ.

ಇನ್ನೊಂದು ವಿಷಯ. ನೀವು ಒಂದೇ ದಿನದ ರೇಟು ಹಿಡಿದಿರಿ. ಮಲ್ಲಿಗೆ ಮೊಗ್ಗನ್ನು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿ ಇಡಲು ಆಗುವುದಿಲ್ಲ. ಇವತ್ತಿನದು ಇವತ್ತೇ ಹೋಗಬೇಕು. ಅದಕ್ಕೇ ರೇಟು ಅಷ್ಟು ಏರಿಳಿಯುವುದು. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್ ಹೊತ್ತು; ಆಗ ಮದುವೆ ಇಲ್ಲ, ಕೇಳುವವರಿಲ್ಲ. ಅದರ ಮುಂದಿನ ತಿಂಗಳು ಸೋಣ ಬಂತೆಂದರೆ ಅಷ್ಟಮಿ, ಚೌತಿ. ಆಗ ರೇಟು ಸಿಗುವುದು ಆಟಿಯಲ್ಲೂ ಗಿಡ ನೋಡಿಕೊಂಡವರಿಗೆ ಮಾತ್ರ. ಇಡೀ ವರ್ಷದ ಲೆಕ್ಕ ತೆಗೆಯಿರಿ.

ಶಿರ್ವದ ಅಕ್ಕ

ನಾನೂ ಕಟ್ಟುವವಳೇ, 26 ವರ್ಷ ಆಯಿತು. ಮಾಸ್ಟ್ರು ಹೇಳಿದ್ದು ಸರಿ. ಆದರೆ ದೊಡ್ಡ ವಿಷಯ ಅವರೂ ಬಿಟ್ಟರು.

ಆ 175 ರೂಪಾಯಿ ಯಾರ ಕೈಗೆ ಬರುತ್ತದೆ? ಅಮ್ಮನ ಕೈಗೆ. ನನಗೆ ವಾರಕ್ಕೊಮ್ಮೆ ಏಜೆಂಟರು ಲೆಕ್ಕ ಮಾಡಿ ಕೊಡುತ್ತಾರೆ. ಮನೆಯ ಫ್ರಿಡ್ಜ್ ತೆಗೆದದ್ದು ಆ ದುಡ್ಡಿನಲ್ಲಿ. ಮಗಳ ಕಿವಿಯ ಬೆಂಡೋಲೆಯೂ ಅದರಲ್ಲೇ. ತಂಗಿಯ ಮನೆಯ ದೈವದ ನೇಮಕ್ಕೆ ಹೋಗುವಾಗ ಯಾರ ಮುಂದೆಯೂ ಕೈ ಚಾಚಿಲ್ಲ. ನೀವು ಕೊಡುವ 200 ನೀವು ಕೊಟ್ಟದ್ದಾಗುತ್ತದೆ. ಇದು ಅವರು ಮಾಡಿದ್ದು. ಎರಡೂ ಒಂದೇ ನೋಟು, ಆದರೆ ಒಂದೇ ದುಡ್ಡಲ್ಲ ಮಗಾ.

ಕೈನೋವಿಗೆ ನಾನು ಮಾಡಿದ್ದು ಹೇಳುತ್ತೇನೆ. ಕೊಯ್ಯುವುದು ನಾನೇ, ಯಾವ ಮೊಗ್ಗು ಇವತ್ತಿಗೆ, ಯಾವುದು ನಾಳೆಗೆ ಎಂದು ಗಿಡ ಸಾಕಿದವರಿಗೇ ಗೊತ್ತು. ಕಟ್ಟುವುದರಲ್ಲಿ ಅರ್ಧ ಪಕ್ಕದ ಮನೆಯವರಿಗೆ ಕೊಡುತ್ತೇನೆ, ಚೆಂಡಿಗೆ ಇಷ್ಟು ಅಂತ. ಅವರ ಕೈ ನನಗಿಂತ ಬೇಗ. ಇಬ್ಬರಿಗೂ ಆಯಿತು.

ಮಣಿಪಾಲದಿಂದ

ಇದೇ ರೀತಿಯ ಒಂದು ಅಧ್ಯಯನ ನೆನಪಾಯಿತು. ಇಸ್ರೇಲಿನ ಹೈಫಾದಲ್ಲಿ 10 ಶಿಶುವಿಹಾರಗಳು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ತಂದೆತಾಯಿ ತಡವಾಗಿ ಬರುತ್ತಿದ್ದರು. ಆರು ಕಡೆ, ಹತ್ತು ನಿಮಿಷಕ್ಕಿಂತ ಜಾಸ್ತಿ ತಡವಾದರೆ 10 ಶೆಕೆಲ್ ದಂಡ ಹಾಕಿದರು. ತಡ ಕಡಿಮೆ ಆಗಬೇಕಿತ್ತು ಅಲ್ವಾ? ತಡ ಮಾಡುವವರು ಹೆಚ್ಚುಕಡಿಮೆ ಎರಡರಷ್ಟಾದರು. ಮೊದಲು "ಟೀಚರ್ ಕಾಯುತ್ತಾರೆ" ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ದುಡ್ಡು ಕೊಟ್ಟರಾಯಿತು ಎಂದಾಯಿತು. ಆಮೇಲೆ ದಂಡ ತೆಗೆದರೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಯೂರಿ ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಇದನ್ನು 2000ದಲ್ಲಿ ಪ್ರಕಟಿಸಿದರು.

ನೀವು ಪ್ರೀತಿಯಿಂದಲೇ 200 ಎಂದಿರಿ. ಅಮ್ಮನಿಗೆ ಕೇಳಿಸಿದ್ದು ಮಾತ್ರ ತಮ್ಮ ಕೆಲಸಕ್ಕೆ ಮಗಳು ಕಟ್ಟಿದ ಬೆಲೆ. ಅದನ್ನು ತಡಮಾಡದೆ ವಾಪಸ್ ತೆಗೆದುಕೊಳ್ಳಿ. ಇವತ್ತೇ ಮಾತಾಡಿ.

ಹೂವಿನಮನೆ ಮಗಳು

ಎಲ್ಲರಿಗೂ ಧನ್ಯವಾದ. ಶಿರ್ವದ ಅಕ್ಕಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ನಿನ್ನೆ ರಾತ್ರಿ ನಾರು ಸೀಳುವಾಗ ಅಮ್ಮನ ಪಕ್ಕದಲ್ಲಿ ಕೂತೆ. 200ರ ಮಾತು ಹೇಳಬಾರದಿತ್ತು ಎಂದೆ. ಅಮ್ಮ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಂದು ಮಡಿಲಲ್ಲಿಟ್ಟರು. ಪ್ರತಿ ತಾರೀಕಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾರೆ, ಎಷ್ಟು ಚೆಂಡು, ಎಷ್ಟು ರೇಟು. ನಾನು ದಿನಾ ನೋಡುವ ಕ್ಯಾಲೆಂಡರ್ ಅದು. ಗ್ಯಾಸ್ ಬುಕ್ ಮಾಡಿದ್ದು ಅಂದುಕೊಂಡಿದ್ದೆ. ಆಟಿಯ ಒಂದು ಚೌಕದಲ್ಲಿ "1, 110". ಚೌತಿಯ ಹಿಂದಿನ ದಿನ "2, 1250". ಆ ಒಂದೇ ದಿನ 625 ರೂಪಾಯಿ.

ಕೂತು ಕೂಡಿಸಿದೆ. ವರ್ಷದ ಲೆಕ್ಕದಲ್ಲಿ ಗಂಟೆಗೆ 70ರ ಹತ್ತಿರ ಬಂತು. ಗೊಬ್ಬರ, ಔಷಧಿ ಕಳೆದರೂ 60ಕ್ಕೆ ಕಡಿಮೆ ಇಲ್ಲ. ಅಮ್ಮನಿಗೆ ತೋರಿಸಿದೆ. "ಅಷ್ಟು ಅಂತ ನನಗೆ ಗೊತ್ತುಂಟು" ಎಂದರು.

ಬೆರಳು ತೋರಿಸಲು ಸೋಮವಾರ ಉಡುಪಿಗೆ ಹೋಗುತ್ತೇವೆ. ಕಟ್ಟುವುದರಲ್ಲಿ ಒಂದು ಚೆಂಡು ಆಚೆ ಮನೆಯ ಚಿಕ್ಕಮ್ಮನಿಗೆ ಕೊಡಲು ಅಮ್ಮ ಒಪ್ಪಿದ್ದಾರೆ. ದುಡ್ಡು ತಾವೇ ಕೊಡುತ್ತಾರಂತೆ, ನಾನು ಕೊಡುವ ಹಾಗಿಲ್ಲ.

ಅಕ್ಕಾ, ನಿಮ್ಮ ಕಡೆ ಚೆಂಡಿಗೆ ಕಟ್ಟುವ ಕೂಲಿ ಎಷ್ಟು? ಅಟ್ಟೆ ನೂರಕ್ಕೆ ಇಳಿದ ದಿನವೂ ಅಷ್ಟೇ ಕೊಡುತ್ತೀರಾ, ಅಥವಾ ರೇಟು ನೋಡಿ ಕೊಡುವುದಾ? ಅಮ್ಮ ಕೇಳಿ ನೋಡು ಎಂದಿದ್ದಾರೆ.